ಪಕ್ಕದ ಎಲೆಯ ಲೋಹ

ಕೇಳುಗರಿಗೆ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ಹೋದಲ್ಲೆಲ್ಲ ಇದನ್ನೇ ಕೇಳುತ್ತಾರೆ. ಇಲ್ಲ, ಇಲ್ಲ, ಇಲ್ಲ. ಇರುವುದು ಒಂದು ದೊಡ್ಡ ಅಯಸ್ಕಾಂತ, ಮತ್ತೆ ರೇಡಿಯೋ ಅಲೆ. ಮಂಗಳೂರು ಆಕಾಶವಾಣಿ ಬೇಕಾದರೆ ನೀವು 100.3ಕ್ಕೆ ತಿರುಗಿಸುತ್ತೀರಿ ಅಲ್ವಾ? ಹಾಗೆಯೇ 3 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ನಮ್ಮ ಮೈಯೊಳಗಿನ ನೀರಿನ ಹೈಡ್ರೋಜನ್ ಸಿಗುವುದು ಸುಮಾರು 128 ಮೆಗಾಹರ್ಟ್ಸ್‌ನಲ್ಲಿ. ಆಸ್ಪತ್ರೆಯಲ್ಲಿ ಕೊಡುವ ಚಿತ್ರ ಅದರದ್ದೇ.

ಆದರೆ ಮೈತುಂಬ ನೀರು. ಎಲ್ಲ ಕಡೆಯಿಂದಲೂ ಸದ್ದು. ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲಿ ಕೈಬಿಟ್ಟ ಮಗುವನ್ನು ಹುಡುಕಿದ ಹಾಗೆ. ಅದಕ್ಕೇ ನನ್ನಂಥ ರಸಾಯನಶಾಸ್ತ್ರದವರಿಗೆ ಫ್ಲೋರಿನ್ ಮೇಲೆ ಪ್ರೀತಿ. ಅದೇ ಯಂತ್ರದಲ್ಲಿ ಅದು ಸಿಗುವುದು ಸುಮಾರು 120 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿಗೆ ತಿರುಗಿಸಿದರೆ ಮೈಯಿಂದ ಒಂದು ಸದ್ದೂ ಇಲ್ಲ. "ಹಲ್ಲಿನಲ್ಲಿ ಫ್ಲೋರೈಡ್ ಇದೆಯಲ್ಲ ಸರ್?" ಎಂದು ಒಬ್ಬರಾದರೂ ಕೇಳುತ್ತಾರೆ. ಇದೆ, ಮೂಳೆಯಲ್ಲೂ ಇದೆ. ಆದರೆ ಅದು ಗಟ್ಟಿಯಾಗಿ ಕೂತುಬಿಟ್ಟಿದೆ. ನಾವು ಕಿವಿ ಕೊಡುವಷ್ಟರಲ್ಲಿ ಅದರ ದನಿ ಅಡಗಿರುತ್ತದೆ. ಹಾಗಾಗಿ ನಾವು ಹೊರಗಿನಿಂದ ಸೇರಿಸಿದ ಫ್ಲೋರಿನ್ ಮಾತ್ರ ಕಾಣುತ್ತದೆ. ಬಿಳಿ ರಕ್ತಕಣಗಳಿಗೆ ಫ್ಲೋರಿನ್ ಎಣ್ಣೆಯ ಹನಿ ತಿನ್ನಿಸಿ ಬಿಟ್ಟರೆ, ಅವು ಮೈಯಲ್ಲಿ ಎಲ್ಲಿಗೆ ಹೋದವು ಎಂದು ನೋಡಬಹುದು.

ಫ್ಲೋರಿನ್ ಚಿತ್ರ ಮೊದಲು ತೆಗೆದದ್ದು 1977ರಲ್ಲಿ. ಇಷ್ಟು ಹಳೆಯದಾದರೂ ಇನ್ನೂ ಊರ ಆಸ್ಪತ್ರೆಗೆ ಯಾಕೆ ಬಂದಿಲ್ಲ? ಫ್ಲೋರಿನ್ ಬಹಳ ನಿಧಾನ. ರೇಡಿಯೋ ಅಲೆಯಿಂದ ಒಮ್ಮೆ ಕರೆದರೆ ಓಗೊಡುತ್ತದೆ. ಆಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಮರಳಿ ಕೂರುವವರೆಗೆ ಇನ್ನೊಮ್ಮೆ ಕರೆದು ಪ್ರಯೋಜನವಿಲ್ಲ. ಅದಕ್ಕೆ ಒಂದೆರಡು ಸೆಕೆಂಡು ಬೇಕಾಗಬಹುದು. ನಾವೋ ಒಂದು ಚಿತ್ರಕ್ಕೆ ನೂರಾರು ಸಲ ಕರೆಯಬೇಕು.

ನಮ್ಮ ದೊಡ್ಡಪ್ಪನ ಊಟ ನೆನಪಾಗುತ್ತದೆ. ಕಾಪು ಹತ್ತಿರ ಅಜ್ಜಿ ಮನೆಯಲ್ಲಿ ಉಪನಯನ. ಚಪ್ಪರದಡಿ ಒಂದು ಪಂಕ್ತಿಗೆ ನಲವತ್ತು ಎಲೆ. ಹುಡುಗರಿಗೆ ಎರಡನೇ ಪಂಕ್ತಿ. ಹಿರಿಯರು ಏಳದೆ ಯಾರೂ ಏಳುವಂತಿಲ್ಲ, ಹಿರಿಯರೆಂದರೆ ದೊಡ್ಡಪ್ಪ. ಅವರು ಸಾರನ್ನ ಕಲಸುತ್ತಾ ತೆಂಗಿನಕಾಯಿ ರೇಟು ಮಾತನಾಡುವರು. ಹೋಳಿಗೆ ಮುರಿದು, ಅದರ ಮೇಲೆ ತುಪ್ಪ ಇಳಿಯುವುದನ್ನು ನೋಡುತ್ತಾ ಕೂರುವರು. ಉಳಿದ ಮೂವತ್ತೊಂಬತ್ತು ಜನರ ಕೈ ಒಣಗಿತು. ನಾವು ಚಪ್ಪರದ ಕಂಬ ಹಿಡಿದುಕೊಂಡು ಪಾಯಸದ ವಾಸನೆ ಕುಡಿದೆವು.

ಮುಂದಿನ ಪೂಜೆಗೆ ಅಜ್ಜಿ ಉಪಾಯ ಮಾಡಿದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಒಬ್ಬರು ಮಾವ ನಮ್ಮಲ್ಲಿದ್ದರು. ಸುಮ್ನೆ ಕೂತು ಗೊತ್ತಿಲ್ಲದ ಮನುಷ್ಯ. ಅವರನ್ನು ಪಂಕ್ತಿಯ ಕೊನೆಗೆ ಕೂರಿಸಿದರು. ಏನೂ ಆಗಲಿಲ್ಲ. ಮದುವೆಯ ದಿನ ದೊಡ್ಡಪ್ಪನಿಗೆ ಒತ್ತಿಯೇ ಕೂರಿಸಿದರು. ಮಾವನ ಮೊಣಕೈ ತಾಗಿ ಪಾಯಸ ಹೋಗಿ ಕೊದ್ದೆಲಿಗೆ, ಅಂದರೆ ಹುಳಿಗೆ, ಬಿತ್ತು. ದೊಡ್ಡಪ್ಪ ಅರ್ಧಕ್ಕೇ ಎದ್ದುಬಿಟ್ಟರು. ಆ ವರ್ಷದ ತಿಥಿಗೆ ಅಜ್ಜಿ ನಡುವೆ ಒಂದೇ ಒಂದು ಎಲೆಯಷ್ಟು ಜಾಗ ಬಿಟ್ಟರು. "ಆಯ್ತಾ ಭಾವ? ಬಡಿಸಲಾ ಭಾವ?" ಎಂದು ಮಾವ ಆಚೆಯಿಂದ ಕುಟುಕುತ್ತಲೇ ಇದ್ದರು. ದೊಡ್ಡಪ್ಪ ಲೆಕ್ಕಕ್ಕೆ ಸರಿಯಾಗಿ ಉಂಡು ಎದ್ದರು. ಹುಡುಗರಿಗೆ ವಡೆ ಬಿಸಿಯಾಗಿಯೇ ಸಿಕ್ಕಿತು.

ಆ ಕಂಡಕ್ಟರ್ ಮಾವನೇ ಲೋಹ. ಎಂಆರ್‌ಐ ಮಾಡುವಾಗ ಕೆಲವರಿಗೆ ಕಾಂಟ್ರಾಸ್ಟ್ ಎಂದು ಚುಚ್ಚುತ್ತಾರಲ್ಲ, ಅದರಲ್ಲಿರುವ ಗ್ಯಾಡೊಲಿನಿಯಂ ಅಂಥದ್ದೇ. ಜೋಡಿ ಸಿಗದ 7 ಎಲೆಕ್ಟ್ರಾನುಗಳು ಅದರಲ್ಲಿವೆ, ಸುಮ್ಮನಿರುವ ಜಾತಿಯಲ್ಲ. ಕಬ್ಬಿಣವನ್ನೂ ಬಳಸುತ್ತಾರೆ, ಅದನ್ನು ಫ್ಲೋರಿನ್ ಎಣ್ಣೆಯಲ್ಲೇ ಕರಗಿಸಿ ನೋಡಿದ್ದಾರೆ. ಲೋಹ ಪಕ್ಕದಲ್ಲಿದ್ದರೆ ಫ್ಲೋರಿನ್ ಬೇಗ ಮರಳಿ ಕೂರುತ್ತದೆ, ನಾವು ಬೇಗ ಬೇಗ ಕರೆಯಬಹುದು, ಅಷ್ಟೇ ಹೊತ್ತಿನಲ್ಲಿ ಚಿತ್ರ ಜಾಸ್ತಿ ಸ್ಪಷ್ಟ.

ಆದರೆ ಎಷ್ಟು ಪಕ್ಕದಲ್ಲಿ? ನನ್ನ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮಾತಿದು. ಎಲ್ಲರೂ ಯಾವ ಲೋಹ, ಯಾವ ಲೋಹ ಎಂದು ಕೇಳುತ್ತಾರೆ. ಎಷ್ಟು ದೂರ ಎಂದು ಕೇಳಿ ಮಾರಾಯ್ರೆ! ದೂರ ಎರಡು ಪಟ್ಟಾದರೆ ಲೋಹದ ಪ್ರಭಾವ 64 ಪಟ್ಟು ಕುಗ್ಗುತ್ತದೆ. ಪಂಕ್ತಿಯ ಕೊನೆಯ ಮಾವನ ಹಾಗೆ. ತೀರಾ ಒತ್ತಿಕೊಂಡರೆ ಫ್ಲೋರಿನ್ನಿನ ದನಿ ನಮಗೆ ಕೇಳುವ ಮೊದಲೇ ಸತ್ತುಹೋಗುತ್ತದೆ. ಪಾಯಸ ಕೊದ್ದೆಲಿಗೆ ಬಿತ್ತು. ನಡುವೆ ಆ ಒಂದು ಎಲೆಯ ಜಾಗ ಬರುವಂತೆ ಅಣು ಕಟ್ಟಬೇಕು. ಕೆಲಸವೆಲ್ಲ ಇರುವುದು ಅಲ್ಲಿಯೇ.

ಯುರೋಪಿಯಂ ಎಂಬ ಇನ್ನೊಂದು ಲೋಹದ ಬಗ್ಗೆ ಹೇಳಬೇಕೆಂದು ಬಂದಿದ್ದೆ, ದೊಡ್ಡಪ್ಪ ಹೊತ್ತು ತಿಂದರು. ಎರಡೇ ಮಾತು. ಅದರ ಒಂದು ರೂಪದಲ್ಲೂ ಅಂಥದೇ 7 ಎಲೆಕ್ಟ್ರಾನು, ಪಕ್ಕದ ಫ್ಲೋರಿನ್ನಿನ ಬಾಯಿ ಮುಚ್ಚಿಸುತ್ತದೆ. ಆಮ್ಲಜನಕ ತಾಗಿದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಸಾಧುವಾಗುತ್ತದೆ, ಫ್ಲೋರಿನ್ ಮಾತನಾಡತೊಡಗುತ್ತದೆ. ಗಡ್ಡೆಯೊಳಗೆ ಆಮ್ಲಜನಕ ಎಲ್ಲಿ ಕಡಿಮೆ ಎಂದು ತಿಳಿಯಲು ಇದನ್ನು ಬಳಸಬಹುದೇ ಎಂದು ಪ್ರಯೋಗಾಲಯಗಳಲ್ಲಿ ನೋಡುತ್ತಿದ್ದಾರೆ. ನಮಸ್ಕಾರ.