ಐದನೇ ಕ್ಲಾಸಿನ ಮಕ್ಕಳು ಆರಕ್ಕೆ ಬರುವಾಗ ಎಲ್ಲಿ ಹೋದರು?

(ತೆರೆಯ ಮೇಲೆ: ಆಲೂರು ಬಸ್ ನಿಲ್ದಾಣ, ಬೆಳಗಿನ ಹೊತ್ತು)

ನಮಸ್ಕಾರ. ಆಲೂರು, ಅರಕಲಗೂಡು, ಬೇಲೂರು... ನಮ್ಮ ಹಾಸನ ಜಿಲ್ಲೆಯ ಯಾವ ಸಣ್ಣ ಪೇಟೆಗೆ ಹೋಗಿ ಸರ್ಕಾರಿ ಶಾಲೆ ಬಗ್ಗೆ ಕೇಳಿದ್ರೂ, "ಮಕ್ಕಳೇ ಇಲ್ಲ ಬಿಡಿ, ಇರೋರೂ ಅಷ್ಟಕ್ಕಷ್ಟೆ" ಅನ್ನೋ ಮಾತು ಬರುತ್ತೆ. ಈ ಮಾತನ್ನ ಮೇಷ್ಟ್ರ ತಲೆಗೆ ಕಟ್ಟೋ ಮುಂಚೆ ಆರನೇ ಕ್ಲಾಸಿನ ಹಾಜರಿ ಪುಸ್ತಕ ತೆಗೆದು ನೋಡಿ.

ಆರೇ ಯಾಕೆ? ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರೋದು ಆರಕ್ಕೆ. ನವೋದಯದ 80 ಸೀಟೂ ಆರಕ್ಕೆ. ಸರ್ಕಾರದ್ದೇ ಆದ ಆದರ್ಶ ವಿದ್ಯಾಲಯವೂ ಅಷ್ಟೇ. ಎಲ್ಲದಕ್ಕೂ ಪ್ರವೇಶ ಪರೀಕ್ಷೆ. ಐದನೇ ಕ್ಲಾಸಿನ ಮೇಡಂ ಸಂಜೆ ಕೂರಿಸಿಕೊಂಡು ತಯಾರು ಮಾಡಿದ ಚುರುಕು ಮಕ್ಕಳೇ ಪಾಸಾಗಿ, ಟಿಸಿ ತಗೊಂಡು ಹೊರಡ್ತಾರೆ. ಹೋಗ್ಲಿ, ಚೆನ್ನಾಗಿ ಓದ್ಲಿ. ಕೂಲಿ ಮನೆಯ ಮಗುವಿಗೆ ಊಟ, ವಸತಿ, ಪುಸ್ತಕ ಎಲ್ಲಾ ಉಚಿತವಾಗಿ ಸಿಗೋದು ಸಣ್ಣ ಮಾತಲ್ಲ. ಆದ್ರೆ ಐದು ವರ್ಷ ಕಲಿಸಿದ ಶಾಲೆಯ ದಾಖಲೆಯಲ್ಲಿ ಆ ಮಗು ಬರೀ ಒಂದು ಕಡಿಮೆಯಾದ ಹೆಸರು. ಅದೇ ಜೂನ್‌ನಲ್ಲಿ, ಕೈಯಲ್ಲಿ ಸ್ವಲ್ಪ ಕಾಸು ಓಡಾಡೋ ಮನೆಯವರು ಮಕ್ಕಳನ್ನ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತಿಸ್ತಾರೆ.

(ತೆರೆಯ ಮೇಲೆ: ಕರಿಹಲಗೆ, ಸೀಮೆಸುಣ್ಣದಲ್ಲಿ ಲೆಕ್ಕ)

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಐದನೇ ಕ್ಲಾಸಲ್ಲಿ 20 ಮಕ್ಕಳು. 8 ಜನ 80 ಅಂಕದವರು, 12 ಜನ 50 ಅಂಕದವರು. ಸರಾಸರಿ 62. ಆ 8 ಜನ ಹೊರಟುಹೋದ್ರೆ ಆರನೇ ಕ್ಲಾಸಿನ ಸರಾಸರಿ 50. ಒಂದು ಮಗುವೂ ಓದಿನಲ್ಲಿ ಹಿಂದೆ ಬಿದ್ದಿಲ್ಲ, ಯಾವ ಮೇಷ್ಟ್ರೂ ಪಾಠ ಬಿಟ್ಟಿಲ್ಲ, ಆದ್ರೂ ಶಾಲೆ ಕೆಟ್ಟೋಯ್ತು ಅನ್ನಿಸುತ್ತೆ! ಉಳಿದ 12ರಲ್ಲಿ ಒಬ್ಬ ಫೇಲಾದ್ರೂ ಫಲಿತಾಂಶ ಶೇಕಡಾ 8ರಷ್ಟು ಇಳಿಯುತ್ತೆ.

ನನಗೆ ನಿಜವಾಗಿ ಸಂಕಟ ಆಗೋದು ಇದರ ಮುಂದಿನ ಭಾಗ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೊಬ್ಬ ಶಿಕ್ಷಕರು ಬೇಕು. ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಇರಬೇಕು. ದಾಖಲಾತಿ ಇಳಿದ್ರೆ ಇರೋ ಶಿಕ್ಷಕರೇ ಲೆಕ್ಕದಲ್ಲಿ "ಹೆಚ್ಚುವರಿ" ಆಗ್ತಾರೆ, ಬೇರೆ ಶಾಲೆಗೆ ವರ್ಗ ಆಗುತ್ತೆ. ಗಣಿತದವರು ಹೋದ್ರೆ ಅತಿಥಿ ಶಿಕ್ಷಕರು ಬರೋ ತನಕ ಸಮಾಜದ ಮೇಡಂ ಗಣಿತವನ್ನೂ ನೋಡ್ಕೋಬೇಕು. ಆ ತಿಂಗಳಲ್ಲೇ ಪಠ್ಯದಲ್ಲಿ ಋಣ ಸಂಖ್ಯೆ ಬಂದಿರುತ್ತೆ. ಮೈನಸ್ 3ರಿಂದ ಮೈನಸ್ 5 ಕಳೆದ್ರೆ ಎಷ್ಟು? ಮಗು ಮೈನಸ್ 8 ಅಂತ ಬರೆಯುತ್ತೆ. ಉತ್ತರ 2. ಪಕ್ಕದಲ್ಲಿ ಕೂತು ತಿದ್ದೋರಿಲ್ಲದಿದ್ರೆ ಆ ಮೈನಸ್ 8 ಹತ್ತನೇ ಕ್ಲಾಸಿನ ಬೀಜಗಣಿತದವರೆಗೂ ಮಗುವಿನ ಜೊತೆಗೇ ಬರುತ್ತೆ. ಪಾಠ ಆಗ್ತಿಲ್ಲ ಅಂತ ಇನ್ನಿಬ್ಬರು ಪೋಷಕರು ಟಿಸಿ ಕೇಳ್ತಾರೆ. ದಾಖಲಾತಿ ಮತ್ತೆ ಇಳಿಯುತ್ತೆ.

2019ರಲ್ಲಿ ಎಸ್ಎಸ್ಎಲ್‌ಸಿಯಲ್ಲಿ ಹಾಸನ ಶೇಕಡಾ 89.33 ತೆಗೆದು ರಾಜ್ಯಕ್ಕೇ ಮೊದಲು ಬಂತು, ನಾವೆಲ್ಲ ಹೆಮ್ಮೆಪಟ್ವಿ. ಅದೇ ಕಾಳಜಿ ಆರು, ಏಳನೇ ಕ್ಲಾಸಿಗೂ ಬೇಕು. ಎಸ್‌ಡಿಎಂಸಿಯಲ್ಲಿ, ಅಂದ್ರೆ ಶಾಲೆ ನೋಡ್ಕೊಳ್ಳೋ ಸಮಿತಿಯಲ್ಲಿ, ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುತ್ತೆ ಕಾಯ್ದೆ. ಮುಂದಿನ ಸಭೆಗೆ ಹೋದಾಗ ಇಷ್ಟು ಕೇಳಿ: ಹೋದ ವರ್ಷ ಐದರಲ್ಲಿ ಎಷ್ಟು ಮಕ್ಕಳಿದ್ರು, ಈಗ ಆರರಲ್ಲಿ ಎಷ್ಟಿದ್ದಾರೆ, ಹೋದವರು ಯಾವ ಶಾಲೆ ಸೇರಿದ್ರು, ಗಣಿತದ ಹುದ್ದೆ ಯಾವಾಗಿಂದ ಖಾಲಿ. ಖಾಲಿ ಇದ್ರೆ ಸಭೆಯಲ್ಲೇ ಠರಾವು ಮಾಡಿ, ಸಹಿ ಹಾಕಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.