ಶೆಡ್ಡಲ್ಲಿ ದುಡಿಯೋ ಹೆಣ್ಮಗಳ ಹೆಸರೂ ಪಾಲಿಸೀಲಿರ್ಲಿ

ಕೇಳುಗರಿಗೆಲ್ಲ ನಮಸ್ಕಾರ. ಕೋಳಿ ಫಾರಂ ಮಾಲೀಕರ ಹತ್ರ ಕೆಲಸಗಾರರ ಇನ್ಶೂರೆನ್ಸ್ ಮಾತೆತ್ತಿದ್ರೆ ಮೊದ್ಲು ಬರೋ ಪ್ರಶ್ನೆ, ಪ್ರೀಮಿಯಂ ಹೆಂಗ್ ಕಮ್ಮಿ ಮಾಡ್ಸೋದು ಸಾರ್ ಅಂತ. ಫೀಡ್ ರೇಟು, ಮೊಟ್ಟೆ ರೇಟು ನೋಡಿದ್ರೆ ಹಂಗ್ ಕೇಳೋದ್ರಲ್ಲಿ ತಪ್ಪೇನಿಲ್ಲ. ಪ್ರೀಮಿಯಂ ಹಾಕೋದು ನೀವು ತೋರಿಸೋ ಒಟ್ಟು ಸಂಬಳದ ಮೇಲೆ, ಕೆಲಸ ಎಂಥದ್ದು ಅನ್ನೋದರ ಮೇಲೆ. ಅದಕ್ಕೆ ಜನ ಎಂಟು ಆಳಿದ್ರೆ ನಾಲ್ಕು ಅಂತಾರೆ, 12 ಸಾವಿರ ಕೊಡ್ತಿದ್ರೆ 6 ಸಾವಿರ ಅಂತ ಬರೆಸ್ತಾರೆ. ಇವತ್ತು ನಾನು ಹೇಳೋದು ಒಂದೇ ಮಾತು, ಎಲ್ರನ್ನೂ ಬರೆಸಿ, ಪೂರ್ತಿ ಸಂಬಳ ಬರೆಸಿ.

ನಾನು ನೋಡಿದ ಒಂದು ಲೇಯರ್ ಫಾರಂ, ಅಂದ್ರೆ ಮೊಟ್ಟೆ ಕೋಳಿ ಫಾರಂ ವಿಷ್ಯ ಹೇಳ್ತೀನಿ. ಒಡಿಶಾದಿಂದ ಬಂದ ಗಂಡ ಹೆಂಡ್ತಿ, ಶೆಡ್ ಪಕ್ಕದ ರೂಮಲ್ಲೇ ವಾಸ, ನಮ್ಮಲ್ಲಿ ಜೋಡಿ ಲೇಬರ್ ಅಂತಾರಲ್ಲ ಹಂಗೆ, ದುಡ್ಡೆಲ್ಲ ಗಂಡನ ಕೈಗೆ, ರಿಜಿಸ್ಟರಲ್ಲಿ ಗಂಡನ ಹೆಸರು ಮಾತ್ರ. ಆದ್ರೆ ಬೆಳಗ್ಗೆ ಎದ್ದು ಮೊಟ್ಟೆ ಆರಿಸೋದು, ಟ್ರೇ ತುಂಬೋದು, ಫೀಡ್ ಮಿಕ್ಸರ್‌ಗೆ ಜೋಳ ಸುರಿಯೋದು ಎಲ್ಲಾ ಆಯಮ್ಮನೇ. ಮಿಕ್ಸರ್ ಬೆಲ್ಟಿಗೆ ಗಾರ್ಡ್ ಇರ್ಲಿಲ್ಲ, ಸೆರಗು ಸಿಕ್ಕಾಕೊಂಡು ಬಿಡಿಸ್ಕೊಳ್ಳೋಕೆ ಹೋಗಿ ಬಲಗೈ ನಾಲ್ಕು ಬೆರಳು ಹೋಯ್ತು. ಮಾಲೀಕ್ರು ಒಳ್ಳೆಯವ್ರೇ, ತಕ್ಷಣ ಆಸ್ಪತ್ರೆಗೆ ಸೇರಿಸಿದ್ರು, ಆಮೇಲೆ ಪಾಲಿಸಿ ತೆಗೆದು ನೋಡಿದ್ರೆ ಆಯಮ್ಮ ಲೆಕ್ಕದಲ್ಲೇ ಇಲ್ಲ!

ಈಗ ಲೆಕ್ಕ ಹಾಕೋಣ. ಕೆಲಸದಲ್ಲಿ ಗಾಯ ಆದ್ರೆ ಮಾಲೀಕ್ರು ಪರಿಹಾರ ಕೊಡ್ಬೇಕು ಅನ್ನೋ ಕಾನೂನಿದೆ, ಅದರ ಪಟ್ಟೀಲಿ ಒಂದು ಕೈಯ ನಾಲ್ಕು ಬೆರಳು ಹೋದ್ರೆ ದುಡಿಮೆ ಶಕ್ತಿ 50% ಹೋದಂಗೆ. ವಯಸ್ಸು 30, ಸಂಬಳ 12 ಸಾವಿರ ಅಂತಿಟ್ಕೊಳ್ಳಿ. ಸಂಬಳದ 60% ಅಂದ್ರೆ 7,200, ಅದನ್ನ ಆ ವಯಸ್ಸಿಗಿರೋ 207.98 ಅನ್ನೋ ಅಂಕಿಯಿಂದ ಗುಣಿಸಿ ಅರ್ಧ ಮಾಡಿದ್ರೆ 7,48,728 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ. ಅದೇ ಜೀವ ಹೋಗಿದ್ರೆ ಸಂಬಳದ ಅರ್ಧಕ್ಕೆ ಅದೇ ಅಂಕಿ ಗುಣಿಸಿ 12,47,880. ಹೆಸರು ಬರೆಸಿದ್ರೆ ಇದನ್ನ ಇನ್ಶೂರೆನ್ಸ್ ಕಂಪನಿ ಕಟ್ತಿತ್ತು, ಬರೆಸದೇ ಇದ್ರೆ ಹೊಣೆ ಪೂರ್ತಿ ಮಾಲೀಕರದ್ದು. ರಿಜಿಸ್ಟರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆಯಮ್ಮ ಕೆಲಸಗಾರ್ತಿ ಅಲ್ಲ ಅಂತಾಗಲ್ಲ, ಸ್ವಾಮಿ.

ಸಂಬಳ ಕಮ್ಮಿ ತೋರಿಸಿದ್ರೂ ಇದೇ ಪಾಡು. ಪರಿಹಾರ ಹಾಕೋದು ನಿಜವಾದ ಸಂಬಳದ ಮೇಲೆ, ಆದ್ರೆ ನೀವು ಪ್ರೀಮಿಯಂ ಕಟ್ಟಿರೋದು ಅರ್ಧಕ್ಕೆ, ಆಗ ಕಂಪನಿ ಜೊತೆ ಜಗಳ. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ರೆ 12% ಬಡ್ಡಿ, ಸರಿಯಾದ ಕಾರಣ ಇಲ್ದೆ ಎಳೆದಾಡಿದ್ರೆ 50% ತನಕ ದಂಡ ಬೀಳಬಹುದು, ಆ ದಂಡ ಇನ್ಶೂರೆನ್ಸ್ ಕಂಪನಿ ಕಟ್ಟಲ್ಲ. ಈ ಪರಿಹಾರದ 1923ರ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆ ಅನ್ನೋ ಹೊಸ ಕಾನೂನೊಳಗೆ ಸೇರಿದೆ, ಹಳೇ ಕಾನೂನು ಹೋಯ್ತು ನಮಗೇನಿಲ್ಲ ಅಂತ ಯಾರೋ ಹೇಳಿದ್ರೆ ನಂಬಬೇಡಿ.

ಇನ್ನು ಕೆಲವರು ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅನ್ನೋ ಸರ್ಕಾರಿ ಅಪಘಾತ ವಿಮೆ ಮಾಡ್ಸಿದೀನಲ್ಲ ಅಂತಾರೆ. ಮಾಡ್ಸಿ, ತುಂಬಾ ಒಳ್ಳೇದು, ಅಪಘಾತದಲ್ಲಿ ಜೀವ ಹೋದ್ರೆ ಅದರಲ್ಲಿ 2 ಲಕ್ಷ ಬರುತ್ತೆ, ಆದ್ರೆ ಅದರಿಂದ ನಿಮ್ಮ ಹೊಣೆ ಒಂದು ರೂಪಾಯಿನೂ ಇಳಿಯಲ್ಲ. ಕೋಳಿ ಕಂಪನಿಗೆ ಬ್ರಾಯ್ಲರ್ ಕಾಂಟ್ರ್ಯಾಕ್ಟಲ್ಲಿ ಸಾಕೋರು ಕೇಳಿ, ಮರಿ ಕಂಪನಿದು, ಫೀಡು ಕಂಪನಿದು, ಆದ್ರೆ ನೀವು ಸಂಬಳ ಕೊಟ್ಟಿಟ್ಟಿರೋ ಆಳು ನಿಮ್ಮವ್ರೇ.

ಸಮಯ ಆಗ್ತಾ ಬಂತು, ಬೇಗ ಹೇಳ್ಬಿಡ್ತೀನಿ. ಶೆಡ್ಡಿನ ಶೀಟ್ ಮೇಲೆ ಹತ್ತಿ ನೀರು ಬಿಡೋರು, ಒದ್ದೆ ನೆಲದಲ್ಲಿ ನಿಂತು ಮಂಜಿನಂಗೆ ನೀರು ಸಿಂಪಡಿಸೋ ಫಾಗರ್ ಮೋಟರ್ ಮುಟ್ಟೋರು, ರಾತ್ರಿ ಕೋಳಿ ಹಿಡಿದು ಲೋಡ್ ಮಾಡೋಕೆ ನೀವು ಕರೆಸೋ ಹುಡುಗ್ರು, ಇವರೆಲ್ಲರ ಕೂಲೀನೂ ಅಂದಾಜು ಮಾಡಿ ಸೇರಿಸಿ. ಈ ಪಾಲಿಸೀಲಿ ವರ್ಷದ ಶುರೂಲಿ ಅಂದಾಜು ಸಂಬಳ ಕೊಡೋದು, ಕೊನೇಲಿ ನಿಜವಾದ ಲೆಕ್ಕ ಕೊಟ್ಟು ಹೊಂದಿಸೋದು, ಆದ್ರಿಂದ ಜಾಸ್ತಿ ಬರೆಸಿಬಿಟ್ರೆ ಅನ್ನೋ ಭಯ ಬೇಡ. ಮೆಡಿಕಲ್ ಖರ್ಚಿಗೆ ಎಷ್ಟು ಮಿತಿ ಇದೆ ಅಂತ ಏಜೆಂಟ್ ಹತ್ರ ಬರವಣಿಗೇಲಿ ಕೇಳಿ ತಗೊಳ್ಳಿ. ರಿನ್ಯೂವಲ್ ಫಾರಂ ತುಂಬೋ ದಿನ ಶೆಡ್‌ಗೆ ಹೋಗಿ ಯಾರ್ಯಾರು ಕೆಲಸ ಮಾಡ್ತಿದ್ದಾರೆ ಅಂತ ಕಣ್ಣಾರೆ ನೋಡಿ, ಅಲ್ಲೇ ನಿಂತು ಹೆಸರು ಬರ್ಕೊಳ್ಳಿ, ಹೆಣ್ಮಕ್ಕಳದ್ದು ಮೊದ್ಲು. ನಮಸ್ಕಾರ.