ಮೊದಲು ಪಟ್ಟೆ ಎಣಿಸಿ

ನಮಸ್ಕಾರ. ಕೆಂಬೇರಿ ಮೀನು, ಅಂದರೆ ರೆಡ್ ಸ್ನ್ಯಾಪರ್, ಎಲ್ಲರಿಗೂ ಗೊತ್ತಲ್ವಾ? ಅದೇ ಮನೆತನದ ಒಂದು ಪುಟ್ಟ ಮೀನಿನ ಮಾತು ಇವತ್ತು. ನೀಲಿಪಟ್ಟೆ ಸ್ನ್ಯಾಪರ್. ಸಾಮಾನ್ಯವಾಗಿ ಒಂದು ಗೇಣು, ಸುಮಾರು 25 ಸೆಂಟಿಮೀಟರ್. ಅರಿಶಿನ ಮೆತ್ತಿದಂಥ ಮೈ, ಅದರ ಮೇಲೆ ಉದ್ದಕ್ಕೆ ನಾಲ್ಕು ನೀಲಿ ಪಟ್ಟೆ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಹಗಲೆಲ್ಲ ಗುಂಪು ಕಟ್ಟಿಕೊಂಡು ನಿಂತಿರುತ್ತದೆ.

ನಾನು ಹೇಳುವುದು ಒಂದೇ. ಪಟ್ಟೆ ಎಣಿಸಿ. ನಾಲ್ಕಿದ್ದರೆ ಇದು, ಐದಿದ್ದರೆ ಬೇರೆ. ನಾಲ್ಕೇ ಇದ್ದು ಹೊಟ್ಟೆ ಅಚ್ಚ ಬಿಳಿಯಾಗಿದ್ದರೆ ಅದು ಬಂಗಾಳ ಸ್ನ್ಯಾಪರ್. ನಮ್ಮದರ ಹೊಟ್ಟೆಯ ಮೇಲೆ ಮಸುಕು ಗೆರೆಗಳಿರುತ್ತವೆ. ಮೀನು ದೋಣಿಗೆ ಬಿದ್ದ ಕೂಡಲೇ ಎಣಿಸಬೇಕು. ಮಸಾಲೆ ಹಚ್ಚಿ ಫೋಟೋ ಕಳಿಸಿ ‘ಸರ್, ಇದ್ಯಾವುದು’ ಅಂತ ಕೇಳಿದರೆ ನಾನೇನು ಹೇಳಲಿ?

ನಾನೂ ಮೊದಲು ಹಾಗೇ ಇದ್ದೆ ಅನ್ನಿ. ಲಕ್ಷದ್ವೀಪದ ಕವರತ್ತಿಯಲ್ಲಿ ಒಂದು ಸಂಜೆ ಗಾಳಕ್ಕೆ ಒಂದರ ಹಿಂದೆ ಒಂದು ಹಳದಿ ಮೀನು ಬಂತು. ಖುಷಿಯಲ್ಲಿ ಎಲ್ಲವನ್ನೂ ಐಸ್ ಪೆಟ್ಟಿಗೆಗೆ ಹಾಕಿದೆ. ‘ಈಗಲೇ ನೋಡಿ’ ಎಂದ ದೋಣಿಯವನು. ‘ದಡಕ್ಕೆ ಹೋಗಿ ನೋಡಿದರಾಯ್ತು’ ಎಂದೆ. ನಾನು ಓದಿದವನು, ನೋಡಿ! ದಡದಲ್ಲಿ ಮುಚ್ಚಳ ತೆಗೆದರೆ ಬಣ್ಣವೆಲ್ಲ ಮಂಕು. ಟಾರ್ಚ್ ಹಿಡಿದು ಬೆನ್ನಿನ ಮುಳ್ಳು ಎಣಿಸುತ್ತಾ ಕೂತೆ. ಬಂಗಾಳದ್ದಕ್ಕೆ 11 ಅಥವಾ 12, ಇದಕ್ಕೆ 10. ಎಂಟನೆಯದಕ್ಕೆ ಬರುವಷ್ಟರಲ್ಲಿ ಬೆರಳಿಗೆ ಚುಚ್ಚಿತು. ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ದೋಣಿಯವನು ಬೀಡಿ ಸೇದುತ್ತಾ ಸುಮ್ನೆ ನೋಡುತ್ತಿದ್ದ. ಕೊನೆಗೆ, ‘ನಾಲ್ಕು ಎಣಿಸೋದು ಬಿಟ್ಟು ಹತ್ತು ಎಣಿಸ್ತಾ ಇದ್ದೀರಲ್ಲ’ ಎಂದ.

ಅಯ್ಯೋ, ಸ್ಟುಡಿಯೋ ಗಾಜಿನಾಚೆಯಿಂದ ಸಮಯ ಆಯ್ತು ಅಂತ ಆಗಲೇ ಕೈ ತೋರಿಸುತ್ತಿದ್ದಾರೆ. ಹಿಡಿಯುವ ವಿಷಯ ಬೇಗ ಹೇಳುತ್ತೇನೆ. ಕತ್ತಲಾದರೆ ಗುಂಪು ಚದುರಿ ಸಿಗಡಿ, ಏಡಿ, ಸಣ್ಣ ಮೀನು ಹುಡುಕುತ್ತದೆ. ಹಾಗಾಗಿ ಮುಸ್ಸಂಜೆ ಒಳ್ಳೆಯದು. ಬಾಯಿ ಚಿಕ್ಕದು, ಗಾಳವೂ ಚಿಕ್ಕದಿರಲಿ. ಒಂದು ಚೂರು ಸಿಗಡಿ ಸಾಕು. ಸೀಸದ ಗುಂಡು ತಳ ಮುಟ್ಟಿದ ಮೇಲೆ ಒಂದು ಮೊಳ ಎತ್ತಿ ಹಿಡಿಯಿರಿ. ಕಚ್ಚಿದರೆ ತಡ ಮಾಡಬೇಡಿ, ಬಂಡೆ ಸಂದಿಗೆ ನುಗ್ಗಿದರೆ ದಾರವೂ ಹೋಯಿತು.

ಹವಾಯಿಗೆ ಈ ಮೀನನ್ನು 1950ರ ದಶಕದಲ್ಲಿ ಪೆಸಿಫಿಕ್ ಸಾಗರದ ಮಾರ್ಕೆಸಸ್ ದ್ವೀಪಗಳಿಂದ ತಂದು ಬಿಟ್ಟರು. ಈಗ ಅಲ್ಲಿ ಎಷ್ಟು ಜಾಸ್ತಿ ಆಗಿದೆ ಎಂದರೆ... ಆಯ್ತು, ಆಯ್ತು, ಮುಗಿಸಿದೆ. ಪಟ್ಟೆ ಎಣಿಸುವಾಗ ಬೆನ್ನಿನ ಮುಳ್ಳು ಮಡಚಿ ಹಿಡಿದುಕೊಳ್ಳಿ. ನಮಸ್ಕಾರ.